ಪಪ್ಪಾಯಿ ಎಲೆಯ ಮೊಟಕು ಬೆರಳು

ಅಕೈತಿ ಗೆರೆ ಎಳೆದುಕೊಂಡು ಕತ್ತರಿಸುವವಳಲ್ಲ. ಬಟ್ಟೆಯನ್ನು ಎಂಟು ಮಡಿಕೆ ಮಾಡಿ, ಮಂಡಿಯ ಮೇಲಿಟ್ಟುಕೊಂಡು, ಒಂದೇ ಉಸಿರಿನಲ್ಲಿ ಕತ್ತರಿ ಓಡಿಸುತ್ತಿದ್ದಳು. ಬಿಚ್ಚಿದರೆ ಎಂಟು ದಾಸವಾಳ. ಐಟುಟಾಕಿ ದ್ವೀಪದಲ್ಲಿ ಮದುವೆಯ ಮಂಚಕ್ಕೆ, ಹುಡುಗರ ಮೊದಲ ಕೂದಲು ತೆಗೆಸುವ ದಿನದ ಕುರ್ಚಿಗೆ, ಸತ್ತವರ ಮೈಗೆ ಹೊದಿಸಿದ ತಿವೈವೈ ಕೌದಿಗಳಲ್ಲಿ ಅರ್ಧಕ್ಕರ್ಧ ಅವಳ ಕೈಯಿಂದ ಬಂದವು. ಹೊಲಿಯುವುದಕ್ಕೆ ಹತ್ತು ಜನ ಕೂರುತ್ತಾರೆ, ಕತ್ತರಿಸುವವಳು ಒಬ್ಬಳೇ. ಈಗ ಎಪ್ಪತ್ತೊಂದು ತುಂಬಿದೆ, ಬಲಗೈ ನಡುಗುತ್ತದೆ.

ತಮ್ಮನ ಮಗಳು ರೆಪೆಕಾ ಆಕ್ಲೆಂಡಿನಿಂದ ಯಂತ್ರ ತಂದಿದ್ದಳು. ಕತ್ತರಿಯಿಲ್ಲದೆ, ಬರೀ ಬೆಳಕಿನಿಂದ ಬಟ್ಟೆ ಕತ್ತರಿಸುವ ಯಂತ್ರ. ಚರ್ಚಿನ ಸಭಾಂಗಣದಲ್ಲಿ ಮೂರು ದಿನದ ಕಾರ್ಯಾಗಾರ. ಊರಿನ ಹೆಂಗಸರೂ, ಕಡಲತೀರದ ಹೋಟೆಲಿಗೆ ಬಂದಿಳಿದ ಪ್ರವಾಸಿಗರೂ ಕೂಡಿ ಕೂತು ಹೊಲಿಯುವುದು.

"ಅತ್ತೆ, ನಿಮ್ಮ ಹತ್ರ ಇರೋ ಅಚ್ಚುಕಾಗದ ಎಲ್ಲಾ ಕೊಡಿ. ಕಂಪ್ಯೂಟರಿಗೆ ಹಾಕಿಡ್ತೀನಿ. ನೀವು ಹೋದ ಮೇಲೂ ಉಳೀಬೇಕಲ್ಲ?"

"ನಾನು ಹೋಗೋ ತಾರೀಕು ಗೊತ್ತುಮಾಡ್ಕೊಂಡೇ ಬಂದ್ಯಾ?" ಎಂದು ಅಕೈತಿ ನಕ್ಕಿದ್ದಳು. ಕೇಳಿದವರಿಗೆ ಅಚ್ಚು ಇಲ್ಲ ಎನ್ನುವುದು ಅವಳ ತಾಯಿಯ ಮನೆಯಲ್ಲೇ ಇರಲಿಲ್ಲ. ತಾಯಿಯ ಕಾಲದಿಂದ ಬಂದ ಅಚ್ಚುಗಳ ಇಡೀ ಗಂಟನ್ನು ಎತ್ತಿ ಕೊಟ್ಟಳು. ಅಡಿಯಲ್ಲಿ, ಹಳೆಯ ದಿಂಬಿನ ಚೀಲದೊಳಗೆ, ಇನ್ನೊಂದು ಕಾಗದವಿದ್ದದ್ದು ಅವಳಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಹನ್ನೊಂದು ವರ್ಷದಿಂದ ಆ ಚೀಲವನ್ನು ನೋಡದೆ ಇರುವುದನ್ನೇ ಅವಳು ರೂಢಿ ಮಾಡಿಕೊಂಡಿದ್ದಳು.

ಹನ್ನೊಂದು ವರ್ಷದ ಹಿಂದೆ ಮಗಳು ಕುರಾ ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ಇಪ್ಪತ್ತೆರಡು ತುಂಬಿದ್ದರೂ ಹಿತ್ತಲಿನ ಪಪ್ಪಾಯಿ ಮರಕ್ಕೆ ಕೋತಿಯ ಹಾಗೆ ಅಪ್ಪಿಕೊಂಡು ಹತ್ತುತ್ತಿದ್ದ ಹುಡುಗಿ. ಅವಳ ಹೊದಿಕೆಗೆ ಅಕೈತಿ ಪಪ್ಪಾಯಿ ಎಲೆ ಕತ್ತರಿಸಿದಳು. ಅಂದು ಕೈಯನ್ನು ನಂಬಲಾರದೆ ಮೊದಲು ಕಾಗದದ ಮೇಲೆ ಕತ್ತರಿಸಿದಳು. ಆದರೂ ಕತ್ತರಿ ಜಾರಿತು. ಏಳು ಬೆರಳಿನ ಎಲೆಯಲ್ಲಿ ಒಂದು ಬೆರಳು ಮೊಟಕಾಯಿತು. ಇನ್ನೊಮ್ಮೆ ಕತ್ತರಿಸುವ ತ್ರಾಣವಿರಲಿಲ್ಲ. ಬಟ್ಟೆಯಲ್ಲೂ ಹಾಗೇ ಬಂತು, ಎಂಟೂ ಎಲೆಯಲ್ಲಿ. ಹೊಲಿಯಲು ಕೂತ ಹೆಂಗಸರು ನೋಡಿದರು, ಯಾರೂ ತುಟಿ ಬಿಚ್ಚಲಿಲ್ಲ.

ಸತ್ತವರಿಗಾಗಿ ಕತ್ತರಿಸಿದ ಅಚ್ಚನ್ನು ಅವರ ಜೊತೆಗೇ ಶವಪೆಟ್ಟಿಗೆಯಲ್ಲಿಡಬೇಕು, ಆ ಎಲೆಯಡಿ ಮತ್ತೊಬ್ಬರು ಮಲಗಬಾರದು ಎಂಬುದು ಅವಳ ತಾಯಿ ಹಾಕಿಕೊಟ್ಟ ಕಟ್ಟುಪಾಡು. ಅಕೈತಿ ಇಡಲಿಲ್ಲ. ಮಗಳಿಗಾಗಿ ಮಾಡಿದ ಕಡೆಯ ಕೆಲಸ ಅದೊಂದೇ ಉಳಿದಿತ್ತು. ಪಕ್ಕದ ಮನೆಯ ಮೆಟುವಾ "ಇಟ್ಟೆಯೇನೇ?" ಎಂದು ಕೇಳಿದಾಗ "ಇಟ್ಟೆ" ಎಂದುಬಿಟ್ಟಿದ್ದಳು.

ಕಾರ್ಯಾಗಾರದ ಎರಡನೆಯ ದಿನ ಪ್ರಾರ್ಥನೆ ಮುಗಿಯಿತು, ಬಾಳೆಹಣ್ಣಿನ ಸಿಹಿತಿಂಡಿ ಪೊಕೆ ಹಂಚಿಯಾಯಿತು. ರೆಪೆಕಾ ಮೇಜಿನ ಮೇಲೆ ಹಸಿರು ಬಟ್ಟೆಯ ಕಟ್ಟುಗಳನ್ನು ತಂದಿಟ್ಟಳು. ಒಂದೊಂದೂ ಮಗುವಿಗೆ ಹೊದಿಸುವಷ್ಟು ಅಗಲ, ಅಂಚಿನಲ್ಲಿ ಸುಟ್ಟ ವಾಸನೆ.

"ಇವತ್ತಿನದು ನಮ್ಮತ್ತೆಯ ಅಚ್ಚು. ಎಲ್ಲಕ್ಕಿಂತ ಚೆಂದದ್ದು ಇದೇ," ಎಂದು ಒಂದನ್ನು ಬಿಚ್ಚಿ ಎತ್ತಿ ಹಿಡಿದಳು.

ಪಪ್ಪಾಯಿ ಎಲೆ. ಎಂಟು ಎಲೆ, ಎಂಟು ಮೊಟಕು ಬೆರಳು.

ಊರಿನ ಹೆಂಗಸರ ಸಾಲಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ಕೈಗಳು ಕೆಳಗಿಳಿದವು. ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಮೆಟುವಾ ಬಾಯಲ್ಲಿದ್ದ ಪೊಕೆಯನ್ನು ನುಂಗಿ, ಅಕೈತಿಯ ಕಿವಿಗೆ ಬಗ್ಗಿದಳು.

"ಇಟ್ಟೆ ಅಂದಿದ್ಯಲ್ಲೇ."

ಅಕೈತಿ ಎದ್ದು ಮೇಜಿನ ಹತ್ತಿರ ಹೋದಳು. "ರೆಪೆಕಾ, ಇದು ಬೇಡ. ದಾಸವಾಳ ಹಾಕು."

"ಅಯ್ಯೋ ಅತ್ತೆ, ಬಟ್ಟೆ ಎಲ್ಲಾ ಮುಗೀತು. ಇಪ್ಪತ್ತನಾಲ್ಕು ಕತ್ತರಿಸಿ ಆಯ್ತು. ಯಾಕೆ, ಏನಾಯ್ತು?"

ಕುರಾಳ ಮಣ್ಣಿನ ದಿನ ರೆಪೆಕಾ ಆಕ್ಲೆಂಡಿನಲ್ಲಿದ್ದಳು. ಅವಳಿಗೇನು ಗೊತ್ತು? ಇದು ಸತ್ತವಳ ಎಲೆ, ಇದರಡಿ ಯಾರನ್ನೂ ಮಲಗಿಸಬೇಡಿ ಎನ್ನಬೇಕಾದರೆ, ನಾನು ನನ್ನ ಮಗಳಿಗೇ ಮೋಸ ಮಾಡಿದೆ ಎಂದು ಪಾದ್ರಿಯ ಹೆಂಡತಿಯೆದುರು, ಹೊರಗಿನ ಜನದೆದುರು ಒಪ್ಪಿಕೊಳ್ಳಬೇಕು. ಹೆಬ್ಬೆರಳಿನಿಂದ ಒಂದು ಮೊಟಕು ಬೆರಳಿನ ತುದಿಯನ್ನು ಮುಚ್ಚಿದಳು.

"ಈ ಬೆರಳಿಗಾ ಬೇಜಾರು?" ರೆಪೆಕಾ ತಾನೇ ಉತ್ತರ ಕಂಡುಕೊಂಡಳು. "ಕಂಪ್ಯೂಟರಲ್ಲಿ ಸರಿ ಮಾಡಬಹುದಿತ್ತು ಅತ್ತೆ, ಒಂದು ಗುಂಡಿ ಒತ್ತಿದ್ರೆ ಸಾಕು. ನಿಮ್ಮ ಕೈಗುರುತು ಇರಲಿ ಅಂತ ನಾನೇ ಬಿಟ್ಟೆ."

"ಕತ್ತರಿ ಕೊಡು," ಎಂದಳು ಅಕೈತಿ.

ಕತ್ತರಿಸಿಹೋದ ಬೆರಳನ್ನು ಮತ್ತೆ ಬೆಳೆಸಲಾಗದು. ಉಳಿದ ಆರನ್ನೂ ಅದರ ಉದ್ದಕ್ಕೆ ಇಳಿಸಿದರೆ ಅದು ಪಪ್ಪಾಯಿ ಎಲೆಯಲ್ಲ, ಕುರಾಳದಂತೂ ಅಲ್ಲ. ಮೊದಲ ಕಟ್ಟನ್ನು ಎಂಟು ಮಡಿಕೆ ಮಾಡಿ ಮಂಡಿಯ ಮೇಲಿಟ್ಟುಕೊಂಡಳು. ಕತ್ತರಿಯ ತುದಿ ಮಡಿಕೆಯ ಅಂಚು ತಪ್ಪಿತು. ಮೆಟುವಾ ಕುರ್ಚಿ ಎಳೆದುಕೊಂಡು ಎದುರು ಕೂತು, ಮಡಿಕೆಯ ಎರಡೂ ತುದಿ ಬಿಗಿಯಾಗಿ ಹಿಡಿದಳು.

"ನನ್ನ ಬೆರಳು ಕತ್ತರಿಸ್ಬೇಡ ಮಾರಾಯ್ತಿ. ನನಗೆ ಇರೋದೇ ಒಂಬತ್ತೂವರೆ."

"ಸುಮ್ನೆ ಹಿಡ್ಕೋ."

"ಹಿಡ್ಕೊಂಡಿದೀನಿ ಕಣೇ. ಸುಳ್ಳಿಗೂ ನಾನೇ ಸಾಕ್ಷಿ, ಬಟ್ಟೆಗೂ ನಾನೇ."

ಒಂದು ಬೆರಳು, ಇನ್ನೊಂದು, ಮತ್ತೊಂದು. ಹಸಿರು ಚೂರುಗಳು ಮಡಿಲಿಗೆ ಬಿದ್ದವು. ಪ್ರವಾಸಿ ಹೆಂಗಸರು ಫೋನು ಹಿಡಿದು ಸುತ್ತ ನಿಂತರು. "ನೋಡಿ, ಯಂತ್ರ ಮಾಡಿದ್ದನ್ನ ನಮ್ಮತ್ತೆ ಕೈಯಾರೆ ಮುಗಿಸ್ತಾ ಇದಾರೆ," ಎಂದು ರೆಪೆಕಾ ಹೆಮ್ಮೆಯಿಂದ ಹೇಳುತ್ತಿದ್ದಳು. ಊರಿನ ಹೆಂಗಸರು ಸ್ತುತಿಗೀತೆ ಎತ್ತಿಕೊಂಡರು. ಯಾರೂ ಏನೂ ಕೇಳಲಿಲ್ಲ, ಅಂದಿನ ಹಾಗೇ.

ಮಧ್ಯಾಹ್ನದ ಹೊತ್ತಿಗೆ ಕಟ್ಟುಗಳು ಮುಗಿದವು. ಅಕೈತಿ ಎಣಿಸಿದಳು. ಮತ್ತೆ ಎಣಿಸಿದಳು.

"ಇಪ್ಪತ್ತಮೂರೇ ಇವೆ."

"ಒಂದು ನಿನ್ನೆ ಕೊಟ್ಟೆ ಅತ್ತೆ, ಆ ಕೆಂಪು ಟೋಪಿ ಹಾಕ್ಕೊಂಡಿದ್ರಲ್ಲ, ಅವರಿಗೆ. ಬೆಳಗಿನ ವಿಮಾನಕ್ಕೆ ಹೋಗಿಬಿಟ್ರು. ಎಷ್ಟು ಇಷ್ಟಪಟ್ರು ಗೊತ್ತಾ? ಮಗಳಿಗೆ ಹೆರಿಗೆ ತಿಂಗಳಂತೆ. ತೊಟ್ಟಿಲಿಗೆ ಹಾಸ್ತಾರಂತೆ."

ಮೆಟುವಾ ಎದ್ದು ಬಾಗಿಲ ಕಡೆ ನಡೆದಳು. ಅಕೈತಿಯ ಕತ್ತರಿ ಮಡಿಲಿನ ಚೂರುಗಳ ಮೇಲೆ ಕೂತಿತ್ತು.

"ಅವರ ವಿಳಾಸ ಇದೆಯಾ?"

"ಹೆಸರೇ ಬರಕೊಳ್ಳಲಿಲ್ಲ ಅತ್ತೆ."

ಸಂಜೆ ರೆಪೆಕಾ ಗಂಟನ್ನು ಮನೆಗೆ ತಂದುಕೊಟ್ಟಳು. ಅಂಗಳದಲ್ಲಿ, ಬಾಗಿಲಿಗೆ ಎದುರಾಗಿ, ಕುರಾಳ ಗೋರಿ. ಮೇಲೆ ಸಿಮೆಂಟು ಹಾಕಿ ಬಿಳಿ ಬಳಿದಿದೆ; ಹನ್ನೊಂದು ವರ್ಷದಿಂದ ಅದನ್ನು ಅಕೈತಿ ಪ್ರತಿ ಶನಿವಾರ ತೊಳೆಯುತ್ತಾಳೆ.

"ಇನ್ನೊಂದು ಕೆಲಸ ಮಾಡಿದೀನಿ ಅತ್ತೆ. ಈ ಪಪ್ಪಾಯಿ ಕಾಗದ ಹರಿದುಹೋಗೋ ಹಾಗಿತ್ತು. ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿಸಿ ಅಂಟಿಸಿದೀನಿ. ಇನ್ನು ನೂರು ವರ್ಷ ನೀರು ಬಿದ್ರೂ, ಮಣ್ಣಲ್ಲಿ ಹೂತ್ರೂ, ಏನೂ ಆಗಲ್ಲ."

"ಒಳ್ಳೇದಾಯ್ತು," ಎಂದಳು ಅಕೈತಿ.

ರೆಪೆಕಾ ಹೋದ ಮೇಲೆ ಮೆಟುವಾ ಬೇಲಿಯ ಆಚೆಯಿಂದ ಕೇಳಿದಳು. "ಈಗಲಾದ್ರೂ ಇಡ್ತೀಯಾ?"

"ಎಲ್ಲಿ ಇಡಲಿ ಹೇಳು. ಸಿಮೆಂಟು ಒಡೀಲಾ?"

ಒಲೆಯ ಮೇಲೆ ಟ್ಯಾರೋ ಗೆಡ್ಡೆ ಬೇಯುತ್ತಿದೆಯೆಂದು ಮೆಟುವಾ ಒಳಗೆ ಹೋದಳು.

ಅಕೈತಿ ಜಗುಲಿಯ ಮೇಲೆ ಕೂತು ಗಂಟು ಕಟ್ಟಲು ನೋಡಿದಳು. ದಾಸವಾಳ ಮಡಿಕೆಯಾಯಿತು, ಉಳಿದೆಲ್ಲ ಕಾಗದಗಳೂ ಹಳೆಯ ಮಡಿಕೆಗೆ ಸರಿಯಾಗಿ ಬಂದವು. ಪ್ಲಾಸ್ಟಿಕ್ ಹಾಳೆಯೊಂದು ಮಾತ್ರ ಮಡಿಯಲೊಲ್ಲದು. ಅಡಿಯಲ್ಲಿಟ್ಟರೆ ಅಂಚು ಹೊರಗೆ ಚಾಚಿತು, ಮೇಲಿಟ್ಟರೆ ಗಂಟು ಬಿಗಿಯಲಿಲ್ಲ. ಅದರ ಮೇಲೆ ಮೊಣಕೈ ಊರಿ ಒತ್ತಿದಳು. ಕೈ ತೆಗೆದ ಕೂಡಲೇ ಹಾಳೆ ಮತ್ತೆ ನೆಟ್ಟಗಾಯಿತು.