ನೋಡಲು ಬಂದವರಿಗೆ ಚಹಾ

ನಾನು ಬಸ್ ಕಂಡಕ್ಟರ್. ಯಮಕನಮರಡಿಯಲ್ಲಿ ಬಸ್ಸು ರಿವರ್ಸ್ ತೆಗೆಸಲು ಇಳಿದೆ. ಕಾಲು ಕಲ್ಲಿನ ಮೇಲೆ ಬಿತ್ತು. ಮೈ ಒಂದು ಕಡೆ ತಿರುಗಿತು, ಮೊಣಕಾಲು ಇನ್ನೊಂದು ಕಡೆ. ಒಳಗೆ ಏನೋ ಟಕ್ ಎಂದಿತು. ಸೀಟಿ ಬಾಯಲ್ಲೇ ಇತ್ತು, ಊದಲಾಗಲಿಲ್ಲ.

ಗೋಕಾಕದ ಡಾಕ್ಟರು ಎಂಆರ್‌ಐ ನೋಡಿದರು. "ಲಿಗಮೆಂಟ್ ಹರದೈತಿ ರೀ. ಆಪರೇಷನ್ ಅರ್ಧಾ ಕೆಲಸ, ಉಳಿದರ್ಧಾ ನಿಮ್ಮ ವ್ಯಾಯಾಮ. ಕಾಲು ಮಡಚಲಿಲ್ಲಂದ್ರ ಬಸ್ ಹತ್ತೂದು ಮರತಬಿಡ್ರಿ."

ಬಸ್ಸು ಹತ್ತದ ಕಂಡಕ್ಟರ್ ಏನು ಮಾಡಬೇಕು?

ಆಪರೇಷನ್ ಚೆನ್ನಾಗಿಯೇ ಆಯಿತು. ತೊಡೆಯಿಂದ ಒಂದು ಎಳೆ ತೆಗೆದು ಮೊಣಕಾಲಿಗೆ ಕಟ್ಟಿದರಂತೆ. ಬ್ರೇಸ್ ಹಾಕಿಕೊಂಡು, ವಾಕರ್ ಹಿಡಿದು ಮೂಡಲಗಿಯ ಮನೆಗೆ ಬಂದೆ. ಕಷ್ಟ ಶುರುವಾಗಿದ್ದೇ ಅಲ್ಲಿ.

ನಮ್ಮ ಕಡೆ ಜಡ್ಡಾದವರನ್ನು ಮಾತಾಡಿಸಲು ಹೋಗದಿದ್ದರೆ ಜನ್ಮವಿಡೀ ಮಾತು ಕೇಳಬೇಕು. ಬಂದವರು ಚಹಾ ಕುಡಿಯದೆ ಹೋದರೆ ಮನೆಯವರು ಕೇಳಬೇಕು. ಹಾಗಾಗಿ ಎಲ್ಲರೂ ಬಂದರು, ಬಿಸ್ಕೀಟು, ಬಾಳೆಹಣ್ಣು ಹಿಡಿದುಕೊಂಡು. "ನಮ್ಮ ಬೀಗರಿಗೂ ಹಿಂಗ ಆಗಿತ್ತವಾ, ಕಾಲು ಕಡೀಕೂ ನೆಟ್ಟಗಾಗ್ಲಿಲ್ಲ ನೋಡು" ಎಂದು ಧೈರ್ಯ ಹೇಳಿದರು. ಕೈ ನಡುಗುವ ಅತ್ತೆ ಪಡಸಾಲೆಯಿಂದ ಕೂಗುತ್ತಿದ್ದರು, "ಚಾ ಇಡವಾ, ಮಂದಿ ಬಂದಾರ." ಯಜಮಾನರು ಬಂದವರ ಬಾಜೂ ಕುಳಿತು ನನ್ನ ನೋವು ಎಷ್ಟೆಂದು ವಿವರಿಸುತ್ತಿದ್ದರು. ನಾನು ವಾಕರ್ ಊರಿ ಒಲೆಯ ಮುಂದೆ.

ನನ್ನನ್ನು ನೋಡಲು ಬಂದವರಿಗೆ ನಾನೇ ಚಹಾ ಕುದಿಸಿದೆ. ಥೂ!

ವ್ಯಾಯಾಮ ನಾಳೆ ನಾಳೆ ಎಂದು ಉಳಿಯಿತು. ತಪಾಸಣೆಗೆ ಹೋದಾಗ ಫಿಜಿಯೋಥೆರಪಿಯ ಹುಡುಗಿ ಕಾಲು ಮಡಚಿಸಿದಳು. ತೊಂಬತ್ತು ಡಿಗ್ರಿ ಬರಬೇಕಿತ್ತು. ಅರ್ಧಕ್ಕೇ ಬಿಗಿದು ನಿಂತಿತು.

"ಮನ್ಯಾಗ ಏನ್ ಮಾಡಾಕತ್ತೀರಿ ಅಕ್ಕಾರ?"

"ಚಾ" ಎಂದೆ. ನಗು ಬಂತು, ಹಿಂದೆಯೇ ಅಳು.

ಅಂದು ಸಂಜೆ ಮತ್ತೆ ಮಂದಿ. ಮತ್ತೆ ಅತ್ತೆಯ ಕೂಗು. ನಾನು ಮಂಚ ಬಿಡಲಿಲ್ಲ. ಎಲ್ಲರ ಮುಂದೆಯೇ ಹೇಳಿದೆ, "ನಾ ಏಳೂದಿಲ್ರಿ. ನನ್ನ ಕಾಲು ಹೋದ್ರ ನೀವ್ಯಾರೂ ತಂದು ಕೊಡೂದಿಲ್ಲ. ಚಾ ಇವರ ಮಾಡ್ಲಿ."

ಯಜಮಾನರು ಮುಖ ಗಂಟು ಹಾಕಿಕೊಂಡು ಎದ್ದರು, ಚಹಾ ಮಾಡಿದರು. ಕುಡಿದವರು ಓಣಿ ತುಂಬ ಡಂಗುರ ಸಾರಿದರು, "ಎಂಥಾ ಗಂಡ ನೋಡ್ರಿ! ಹೆಂಡ್ತಿ ಮಲಗ್ಯಾಳಂತ ತಾನ ಚಾ ಮಾಡ್ತಾನ. ಪುಣ್ಯಾ ಮಾಡ್ಯಾಳ ಆಕಿ." ಆಮೇಲೆ ಯಜಮಾನರೇ ಮಾಡತೊಡಗಿದರು, ಹೊಗಳಿಕೆಗಾದರೂ ಆಗಲಿ. ನಾನು ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ಬರುವ ತನಕ ದಿನವೂ ಕಾಲು ಮಡಚಿದೆ.

ಈಗ ಹುಕ್ಕೇರಿ ಬಸ್ಸು ಹತ್ತುತ್ತೇನೆ, ಕಂಬಿ ಹಿಡಿದು, ನಿಧಾನಕ್ಕೆ. ಡಾಕ್ಟರಿಗೂ ಆ ಹುಡುಗಿಗೂ ಋಣಿ. ಮೊನ್ನೆ ನಮ್ಮ ಓಣಿಯ ಹೆಂಗಸೊಬ್ಬಳು ಟಿಕೆಟ್ಟಿಗೆ ಕೈ ಚಾಚಿ ನನ್ನ ಕಾಲು ನೋಡಿದಳು.

"ಆರಾಮಾತಲ್ಲವಾ! ಎಲ್ಲಾ ನಿನ್ನ ಗಂಡನ ಪುಣ್ಯಾ."

ಮೈ ಉರಿಯಿತು. ಕಾಲು ನೋಯಲಿಲ್ಲ. ಟಿಕೆಟ್ ಕೊಟ್ಟು ಮುಂದಿನ ಸೀಟಿಗೆ ನಡೆದೆ.