ಎಣಿಕೆ ಸರಿಯಾಗಿತ್ತು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಆ ದಿನ ಮಾತ್ರ ಅದು ಎಲ್ಲಿಗೆ ಹೋಗಿತ್ತೋ, ಹುಡುಕಿದರೂ ಸಿಗಲಿಲ್ಲ.

ಗಂಡನ ಬ್ಯಾಂಕು ನಮ್ಮನ್ನು ಮೈಸೂರಿನಿಂದ ವಡೋದರಕ್ಕೆ ತಂದು ಹಾಕಿದಾಗ ಮಗಳಿಗಿನ್ನೂ ಹಲ್ಲು ಬಂದಿರಲಿಲ್ಲ. ಎರಡನೇ ಕ್ಲಾಸಿಗೆ ಬರುವಷ್ಟರಲ್ಲಿ ಅವಳಿಗೆ ಹಿಂದಿ, ಗುಜರಾತಿ ನೀರು ಕುಡಿದಷ್ಟು ಸಲೀಸು. ಕನ್ನಡ ಎಂದರೆ ‘ಊಟ ಬೇಡ’, ‘ಅಜ್ಜಿ ಫೋನು’, ಅಷ್ಟೇ. ಅದಕ್ಕೇ ಫತೇಗಂಜ್‌ನ ಶಾಲೆಯೊಂದರಲ್ಲಿ ಇಲ್ಲಿನ ಕನ್ನಡದವರು ಸೇರಿ ನಡೆಸುವ ಬೇಸಿಗೆ ಶಿಬಿರಕ್ಕೆ ಹಾಕಿದೆ. ಹಾಡು, ಆಟ, ವಾರಕ್ಕೊಮ್ಮೆ ಈಜು.

ಶಿಬಿರದ ಹಿರಿಯರು ಧಾರವಾಡದವರು, ರೈಲ್ವೆಯಿಂದ ನಿವೃತ್ತರಾದವರು. ಅವರದೊಂದು ಪದ್ಧತಿ. ಬಸ್ಸು ಹೊರಡುವ ಮುಂಚೆ ಯಾರ ಹೆಸರನ್ನೂ ಕರೆಯುವುದಿಲ್ಲ. ಪ್ರತಿ ಮಗುವಿಗೂ ಒಂದು ಸಂಖ್ಯೆ. ಸರದಿ ಬಂದಾಗ ಅದನ್ನು ಕನ್ನಡದಲ್ಲೇ ಕೂಗಬೇಕು. “ಮಕ್ಕಳ ಲೆಕ್ಕಾನೂ ಆತು, ಕನ್ನಡಾನೂ ಆತು,” ಎನ್ನುತ್ತಿದ್ದರು. ಊರಿನ ಶಿಬಿರಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯವರು ಬಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರು, ಕುಡಿಯುವ ನೀರು ಎಲ್ಲ ನೋಡಿದರು. ಎಲ್ಲಕ್ಕಿಂತ ಅವರಿಗೆ ಹಿಡಿಸಿದ್ದು ಈ ಎಣಿಕೆ. ‘ಸುರಕ್ಷಿತ ಶಿಬಿರ’ ಎಂಬ ಫಲಕ ಬಂತು, ಅದಕ್ಕೊಂದು ಹಾರವೂ ಬಿತ್ತು. ನಾನೂ ಚಪ್ಪಾಳೆ ತಟ್ಟಿದೆ.

ನನ್ನ ಮಗಳ ಸಂಖ್ಯೆ ಹದಿನೇಳು. ಹತ್ತು ದಾಟಿದರೆ ಅವಳಿಗೆ ನಾಲಿಗೆ ಹೊರಳದು. ಅವಳ ನಂತರದ ಸಂಖ್ಯೆ ನಮ್ಮ ಮೇಲಿನ ಮನೆಯ ಹುಡುಗಿಯದು, ಕನ್ನಡದಲ್ಲಿ ಚುರುಕು. ಇವಳು ಬೆಬ್ಬೆಬ್ಬೆ ಎನ್ನುವ ಮೊದಲೇ ಅವಳು “ಹದಿನೇಳು, ಹದಿನೆಂಟು” ಎಂದು ಒಂದೇ ಉಸಿರಿಗೆ ಎರಡನ್ನೂ ಮುಗಿಸುತ್ತಿದ್ದಳು. ಹಿರಿಯರಿಗೆ ಇದು ಗೊತ್ತಿತ್ತು. “ಗೆಳತಿ ಅಂದ್ರ ಹಿಂಗಿರಬೇಕು ನೋಡು,” ಎಂದು ನನ್ನೆದುರೇ ಅವಳ ಬೆನ್ನು ತಟ್ಟಿದ್ದರು.

ಮೇ ತಿಂಗಳ ಒಂದು ಮಧ್ಯಾಹ್ನ ಈಜು ಮುಗಿಸಿದ ಬಸ್ಸು ನಮ್ಮ ಬಡಾವಣೆ ಅಲ್ಕಾಪುರಿಗೆ ಬಂತು. ತಾಯಂದಿರು ಮರದ ನೆರಳಲ್ಲಿ ಕಾಯುತ್ತಿದ್ದೆವು. ಮಕ್ಕಳೆಲ್ಲ ಇಳಿದರು, ನನ್ನವಳು ಇಳಿಯಲಿಲ್ಲ. ಹತ್ತಿ ನೋಡಿದೆ. ಸೀಟುಗಳ ಕೆಳಗೂ ಬಗ್ಗಿ ನೋಡಿದೆ.

“ಎಲ್ಲಿ ಸಾರ್ ನನ್ನ ಮಗಳು?”

“ಇಲ್ಲೇ ಇರಬೇಕು ತಂಗಿ. ಲೆಕ್ಕ ಬರೋಬ್ಬರಿ ಇತ್ತಲ್ಲ,” ಎಂದರು ಹಿರಿಯರು. ಬಿಸಿಲಿಗೆಂದು ಪರದೆ ಎಳೆದಿದ್ದ ಬಸ್ಸಿನಲ್ಲಿ, ಮುಂದಿನ ಸೀಟಿನಲ್ಲಿ ಕೂತೇ ಅವರು ಕಿವಿಯಿಂದ ಎಣಿಸಿದ್ದರು.

ಮೇಲಿನ ಮನೆಯ ಹುಡುಗಿ ನನ್ನ ದುಪಟ್ಟಾ ಹಿಡಿದು ಜಗ್ಗಿದಳು. “ಆಂಟಿ, ನಾನೇ ಹೇಳ್ದೆ. ಯಾವಾಗ್ಲೂ ನಾನೇ ಅಲ್ವಾ ಹೇಳೋದು. ಅವಳು ಮುಂದೆ ಕೂತಿದಾಳೆ ಅಂದ್ಕೊಂಡೆ.”

ಹಿರಿಯರೂ ನಾನೂ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಅವರು ಈಜುಕೊಳಕ್ಕೆ ಫೋನು ಮಾಡುತ್ತಲೇ ಇದ್ದರು. ಯಾರೂ ಎತ್ತಲಿಲ್ಲ. ಬೇಸಿಗೆಯ ಮಧ್ಯಾಹ್ನ ಈ ಊರು ಬಾಗಿಲು ಹಾಕಿಕೊಂಡು ಮಲಗುತ್ತದೆ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅವಳಿಗೆಂದು ತಂದ ಮಜ್ಜಿಗೆ ಬಾಟಲಿ ಕೈಯಲ್ಲಿತ್ತು. ಅದು ಚೆಲ್ಲದ ಹಾಗೆ ಹಿಡಿದುಕೊಳ್ಳುವುದೇ ನನ್ನ ಕೆಲಸವೆಂಬಂತೆ ಕೂತಿದ್ದೆ. ಮಗಳ ಮುಖ ನೆನೆಸಿಕೊಳ್ಳಲು ಹೋದರೆ ನೆನಪಾಗಲಿಲ್ಲ.

ಗೇಟಿನ ಸಂದಿಯಿಂದ ಮೊದಲು ನೀರನ್ನೇ ನೋಡಿದೆ. ನೀರಿನಲ್ಲಿ ಯಾರೂ ಇರಲಿಲ್ಲ.

ಕಾವಲುಗಾರ ನಿದ್ದೆಯಿಂದೆದ್ದು ಬಂದು, ಬಟ್ಟೆ ಬದಲಿಸುವ ಕೋಣೆಗೆ ಒಳಗೆ ನೋಡದೆ ತಾನೇ ಹೊರಗಿನಿಂದ ಹಾಕಿದ್ದ ಚಿಲಕ ತೆಗೆದ. ತಗಡಿನ ಮಾಡು, ಒಳಗೆ ಒಲೆಯ ಕಾವು. ನಲ್ಲಿ ಬಿಟ್ಟುಕೊಂಡು, ಒದ್ದೆ ಟವೆಲು ತಲೆಗೆ ಹೊದ್ದು ನೆಲದಲ್ಲಿ ಕೂತಿದ್ದಳು. ಮುಖ ಕೆಂಡದ ಹಾಗಾಗಿತ್ತು.

“ಮಮ್ಮಿ, ಮೈನೇ ಬಹುತ್ ಆವಾಜ್ ದೀ,” ಎಂದಳು. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಮಜ್ಜಿಗೆ ಕುಡಿಸಿದೆ. ಡಾಕ್ಟರು ಡ್ರಿಪ್ ಹಾಕಿದರು. ಸಂಜೆಗೆ ಮನೆಗೆ ಬಂದೆವು.

ಮರುದಿನ ಹಿರಿಯರು ಬಂದರು. ಕೂರಲಿಲ್ಲ. “ತಪ್ಪಾತು ತಂಗಿ. ದೇವರು ದೊಡ್ಡಾಂವ, ಕೂಸಿಗೆ ಏನೂ ಆಗಲಿಲ್ಲ. ಆದ್ರ ಇದು ಹೊರಗ ಹೋದ್ರ ಫಲಕ ಹೋಗ್ತದ. ನಮ್ಮ ಮಕ್ಕಳಿಗೆ ಕನ್ನಡ ಕಲಿಸಲಿಕ್ಕೆ ಈ ಊರಾಗ ಇದೊಂದ ಜಾಗಾ ಅದ.” ಬೇರೆ ದಿನವಾಗಿದ್ದರೆ ಅವರ ಜನ್ಮ ಜಾಲಾಡುತ್ತಿದ್ದೆ. “ಕಾಫಿ ತಗೊಳ್ಳಿ ಸಾರ್,” ಎಂದೆ. ಅಷ್ಟೇ ಬಂದದ್ದು ಬಾಯಿಗೆ.

ಫಲಕ ಈಗಲೂ ಅಲ್ಲೇ ಇದೆ. ಈಗ ಒಂದೊಂದೇ ಮುಖ ನೋಡಿ ಎಣಿಸುತ್ತಾರಂತೆ. ನಾನು ಮತ್ತೆ ಕಳಿಸಲಿಲ್ಲ.

ಮಗಳ ಕನ್ನಡ ಈಗಲೂ ಅಷ್ಟಕ್ಕಷ್ಟೇ. ಆದರೆ ಬಚ್ಚಲಿನ ಬಾಗಿಲು ಹಾಕಿಕೊಂಡ ಕೂಡಲೇ ಒಳಗಿನಿಂದ “ಹದಿನೇಳು” ಎನ್ನುತ್ತಾಳೆ, ಸ್ವಲ್ಪವೂ ತಡವರಿಸದೆ. ಅಡಿಗೆಮನೆಯಿಂದಲೇ ‘ಹೂಂ’ ಎಂದರೆ ಸಾಕು, ಅವಳಿಗೆ ಸಮಾಧಾನ. ನನಗೆ ಸಾಲದು. ಒಲೆ ಆರಿಸಿ, ಹೋಗಿ, ಬಾಗಿಲು ತೆಗೆಸಿ ಅವಳ ಮುಖ ನೋಡಿ ಬರುತ್ತೇನೆ.