ತಟ್ಟೆಯಲ್ಲಿಟ್ಟ ಚಡ್ಡಿ

ಅರಸೀಕೆರೆಯ ಪೇಟೆ ಬೀದಿಯಲ್ಲಿ ಹೊಸದಾಗಿ ಒಂದು ಬಟ್ಟೆ ಅಂಗಡಿ ತೆರೆದಿದ್ದಾರೆ. ಬಾಗಿಲಲ್ಲಿ ಒಂದು ಅರ್ಧ ಗೊಂಬೆ ನಿಲ್ಲಿಸಿದ್ದಾರೆ. ಸೊಂಟದಿಂದ ಮೇಲೆ ಏನೂ ಇಲ್ಲ, ಮಂಡಿಯಿಂದ ಕೆಳಗೂ ಇಲ್ಲ. ಇರುವಷ್ಟಕ್ಕೆ ಒಂದು ಚಡ್ಡಿ ತೊಡಿಸಿದ್ದಾರೆ. ಬೂದು ಬಣ್ಣದ್ದು, ಮೈಗೆ ಅಂಟದೆ, ಜೋಲೂ ಬೀಳದೆ ಹಿತವಾಗಿ ಕೂತದ್ದು, ಪಕ್ಕದಲ್ಲಿ ಜಿಪ್ಪಿನ ಜೇಬು. ಹೋದ ತಿಂಗಳು ಆಸ್ಪತ್ರೆಯಿಂದ ಬರುವಾಗ ಅದನ್ನು ನೋಡಿ ನಿಂತುಬಿಟ್ಟೆ. ಅಂಗಡಿಯ ಹುಡುಗಿ "ಬನ್ನಿ ಅಜ್ಜಿ, ಮೊಮ್ಮಗಂಗಾ?" ಅಂದಳು. ಉತ್ತರ ಕೊಡದೆ ಬಂದೆ. ಕೊಟ್ಟರೆ ಕತೆ ಉದ್ದವಾಗುತ್ತಿತ್ತು. ನಿಮಗಾದರೆ ಹೇಳಬಹುದು. ನೀವು ಕೂತಿದ್ದೀರಿ, ಅವಳು ನಿಂತಿದ್ದಳು.

ನಮ್ಮ ಯಜಮಾನರು ಕೊಬ್ಬರಿ ವ್ಯಾಪಾರ ಮಾಡಿದವರು. ಅಂಗಡಿಯಲ್ಲಿ ಕೂತರೆ ಊಟಕ್ಕೆ ಏಳುವರು, ಊಟಕ್ಕೆ ಕೂತರೆ ಅಂಗಡಿಗೆ ಏಳುವರು. ನಡುವೆ ಮೈ ಅಲ್ಲಾಡಿದ್ದನ್ನು ನಾನು ಕಂಡಿಲ್ಲ. ಹೀಗೆ ಕೂತೂ ಕೂತೂ ಸಕ್ಕರೆ ಕಾಯಿಲೆ ಬಂತು. ಏಳೆಂಟು ವರ್ಷದ ಹಿಂದೆ ಚಪ್ಪಲಿ ಕಚ್ಚಿ ಕಾಲಿನ ಹೆಬ್ಬೆರಳಿಗೆ ಒಂದು ಗಾಯವಾಯಿತು. ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಕಾಲಕ್ಕೆ ಆದ ಗಾಯ, ಅವರೆಕಾಯಿ ಕಾಲ ಬಂದರೂ ಮಾಯಲಿಲ್ಲ. ಕೊನೆಗೆ ಹೇಗೋ ಮಾಯಿತು. ಹಾಸನದ ಡಾಕ್ಟರು, "ಈ ಸಲ ಬೆರಳು ಉಳೀತು. ಸಕ್ಕರೆ ಇಳಿಸದಿದ್ದರೆ ಮುಂದಿನ ಸಲ ತೆಗೀಬೇಕಾಗುತ್ತೆ" ಎಂದರು. ನಡೆಯಿರಿ ಎಂದರೆ ಇವರಿಗೆ ಮಂಡಿ ನೋವು. "ಹಾಗಾದರೆ ಸೈಕಲ್ ತುಳೀರಿ. ಸುಮ್ಮನೆ ಬೀದಿ ಸುತ್ತೋದಲ್ಲ, ದೂರ ಹೋಗಬೇಕು" ಎಂದರು. ಬಸ್ಸಿನಲ್ಲಿ ಊರು ಬರುವವರೆಗೂ ಇವರು ಆ ಬೆರಳನ್ನೇ ನೋಡುತ್ತಾ ಕೂತಿದ್ದರು. ಮದುವೆಯಾದ ಹೊಸತರಲ್ಲಿ ನನ್ನನ್ನೂ ಅಷ್ಟು ನೋಡಿದವರಲ್ಲ.

ಮೊದಲ ದಿನ ಪಂಚೆಯಲ್ಲೇ ಹೊರಟರು. ರೈಲ್ವೆ ಗೇಟಿನ ಹತ್ತಿರ ಪಂಚೆ ಚೈನಿಗೆ ಸಿಕ್ಕಿತು. ಚೈನು ಅದನ್ನು ಬಿಡಲಿಲ್ಲ, ಇವರು ಸೈಕಲ್ಲನ್ನು ಬಿಟ್ಟರು. ಒಳಗಿದ್ದ ಪಟ್ಟಾಪಟ್ಟಿ ಚಡ್ಡಿ ಊರಿಗೆಲ್ಲ ಪರಿಚಯವಾಯಿತು. ಮಾರನೆಯ ದಿನ ಪಂಚೆಯನ್ನು ಎತ್ತಿ ಕಟ್ಟಿಕೊಂಡು ಹೋದರು. ಈ ಪಟ್ಟಾಪಟ್ಟಿ ಚಡ್ಡಿ ಮನೆಯಲ್ಲಿ ಗಾಳಿಯಾಡಲು ಸರಿ, ಸೈಕಲ್ಲಿಗೆ ಸರಿಯಲ್ಲ. ಅಗಲ ಕಾಲು, ನಡುವೆ ಹಗ್ಗದಂಥ ಹೊಲಿಗೆ. ಇಳಿಯುವಾಗ ಸೀಟಿನ ಮೂತಿಗೆ ಸಿಕ್ಕಿಕೊಳ್ಳುತ್ತದೆ, ತುಳಿಯುವಾಗ ತೊಡೆ ಸಂದು ಉಜ್ಜುತ್ತದೆ. ಸಂಜೆ ಬೆಣ್ಣೆ ಹಚ್ಚಿಕೊಂಡು ಕಾಲಗಲಿಸಿ ಓಡಾಡುವುದು ನೋಡಿ ನನಗೆ ಸಾಕಾಯಿತು. ಬೆಣ್ಣೆಯೂ ಸಾಕಾಗುತ್ತಿರಲಿಲ್ಲ.

ಚಡ್ಡಿ ತರಲು ಇಬ್ಬರೂ ಹೋದೆವು. ಅಂಗಡಿಯವನು ಮೊದಲು ರೇಸಿನವರು ಹಾಕುವಂಥದ್ದು ಕೊಟ್ಟ. ಕರಿ ಬಣ್ಣದ್ದು, ಕೂರುವ ಕಡೆ ಸ್ಪಂಜು. ಇವರು ಪರದೆಯ ಹಿಂದೆ ಹೋದವರು ಈಚೆಗೇ ಬರಲಿಲ್ಲ. ಅಲ್ಲಿಂದಲೇ, "ಇದ್ರಲ್ಲಿ ನಾನು ಬರಲ್ಲ ಕಣೇ. ಒಳಗೆ ಏನೇನೈತೆ ಅಂತ ಡಂಗೂರ ಹೊಡ್ದಂಗಾಯ್ತದೆ" ಅಂದರು. ಆಮೇಲೆ ಒಂದು ದೊಗಳೆಯದು ಬಂತು. ಹಿಂದೆ ಮುಂದೆ ಪಕ್ಕ ಎಲ್ಲೆಲ್ಲೂ ಜೇಬು.

"ಇಷ್ಟು ಜೇಬಿಗೆ ಏನು ತುಂಬ್ತೀರಿ, ಕೊಬ್ರಿನಾ?" ಅಂದೆ.

ಮೂರನೆಯದು ಹದವಾಗಿತ್ತು. ಬಟ್ಟೆ ಎಳೆದರೆ ಹಿಗ್ಗಿ ಮತ್ತೆ ತನ್ನಷ್ಟಕ್ಕೆ ಬರುತ್ತಿತ್ತು. ನಡುವೆ ದಪ್ಪ ಹೊಲಿಗೆಯಿಲ್ಲ. ಮಂಡಿಗೆ ನಾಲ್ಕು ಬೆರಳು ಮೇಲೆ ನಿಲ್ಲುತ್ತಿತ್ತು. ನಾನು ಎರಡು ಕೈಯಲ್ಲೂ ಹಿಡಿದು ಜಗ್ಗಿದೆ. ಅಂಗಡಿಯವನು, "ಅಮ್ಮಾ, ಹರ್ದೋಯ್ತದೆ" ಅಂದ.

"ಇಲ್ಲಿ ಹರಿದ್ರೆ ನಿಂದು, ದಾರೀಲಿ ಹರಿದ್ರೆ ನಂದು" ಅಂದು ಇನ್ನೊಂದು ಸಲ ಜಗ್ಗಿದೆ. ಆಮೇಲೆ ಇವರಿಗೆ ತೊಡಿಸಿ, ಅಂಗಡಿಯ ನಡುವೆಯೇ ಕೂರಿಸಿ ಏಳಿಸಿದೆ. ಸ್ಟೂಲನ್ನು ಅಡ್ಡ ಮಲಗಿಸಿ ಅದರ ಮೇಲೆ ಎರಡು ಕಡೆ ಕಾಲು ಹಾಕಿ ಕೂರಿ ಅಂದೆ. ಕೂತರು. ನನ್ನ ಮಾತನ್ನು ಅವರು ಕೇಳುವುದು ಹೆದರಿದಾಗ ಮಾತ್ರ. ಬೆರಳು ಹೋಗುತ್ತದೆ ಎಂದು ಅವರಿಗೆ ನಿಜವಾಗಿಯೂ ಹೆದರಿಕೆ ಇತ್ತು.

ಆದರೆ ಅರವತ್ತು ವರ್ಷ ಪಂಚೆಯೊಳಗಿದ್ದ ಕಾಲು ಒಂದೇ ದಿನಕ್ಕೆ ಬೀದಿಗೆ ಬರುವುದಿಲ್ಲ. ಆ ಕಾಲಿನ ಬಣ್ಣವನ್ನು ಹೇಳಬೇಕೆಂದರೆ ಎಳನೀರಿನ ಗಂಜಿ ನೆನಪು ಮಾಡಿಕೊಳ್ಳಿ. ಹಾಗಾಗಿ ಅವರು ಒಂದು ಉಪಾಯ ಮಾಡಿದರು. ಚಡ್ಡಿಯ ಮೇಲೆ ಪಂಚೆ ಉಟ್ಟು, ಸೈಕಲ್ಲನ್ನು ತಳ್ಳಿಕೊಂಡೇ ಊರು ದಾಟುವುದು. ರೈಲ್ವೆ ಗೇಟಿನ ಆಚೆ ಹುಣಸೆ ಮರದ ಹಿಂದೆ ಪಂಚೆ ಬಿಚ್ಚಿ, ಮಡಿಸಿ, ಚೀಲದಲ್ಲಿಟ್ಟು ಹಿಂದಕ್ಕೆ ಕಟ್ಟುವುದು. ವಾಪಸ್ಸು ಬರುವಾಗ ಅದೇ ಮರದ ಹಿಂದೆ ಉಡುವುದು. "ಯಾರಾದ್ರೂ ಕಂಡ್ರೆ ಮರದ ಹಿಂದೆ ಏನು ಮಾಡ್ತಾವ್ರೆ ಅಂದ್ಕೋತಾರೋ" ಅಂದೆ. "ಅದೇನಾದ್ರೂ ಅಂದ್ಕೊಳ್ಳಿ, ಚಡ್ಡೀಲಿ ಅವ್ನೆ ಅನ್ಬಾರ್ದು ಅಷ್ಟೇ" ಅಂದರು.

ಸಕ್ಕರೆ ಇಳಿಯತೊಡಗಿತು. ದೂರದ ಆಸೆ ಏರತೊಡಗಿತು. ಮೊದಲು ಬಾಣಾವರ, ಆಮೇಲೆ ಜಾವಗಲ್ಲು. ಒಂದು ಭಾನುವಾರ ಹಳೇಬೀಡಿಗೇ ಹೊರಟರು. ಹಳೇಬೀಡಿಗೆ ನಮ್ಮ ಮಗಳು ಮಂಜುಳನನ್ನು ಕೊಟ್ಟಿದೆ. ಅವಳ ಮಾವ, ಅಂದರೆ ನಮ್ಮ ಬೀಗರು, ತೆಂಗಿನ ತೋಟದವರು. ಮಠದ ಕೆಲಸಕ್ಕೆ ಎಲ್ಲರಿಗಿಂತ ಮೊದಲು ನಿಲ್ಲುವವರು, ನಗುವುದಕ್ಕೆ ಎಲ್ಲರಿಗಿಂತ ಕೊನೆ. ಇವರ ಲೆಕ್ಕಾಚಾರ ಏನೆಂದರೆ, ಕೆರೆ ಏರಿಯ ಮೇಲೆ ಪಂಚೆ ಉಟ್ಟುಕೊಂಡು ಬೀಗರ ಮನೆಗೆ ಗಂಭೀರವಾಗಿ ಹೋಗುವುದು, ಉಂಡು ಬರುವುದು. ಏರಿಗೆ ಹೋಗಿ ಹಿಂದಕ್ಕೆ ಕೈ ಹಾಕಿದರೆ ಚೀಲವೇ ಇಲ್ಲ. ಹಳ್ಳಬಿದ್ದ ದಾರಿಯಲ್ಲಿ ಎಲ್ಲೋ ಉದುರಿತ್ತು.

ಮಾತ್ರೆ ನುಂಗಿ ಏನೂ ತಿಂದಿರಲಿಲ್ಲ. ಕೈ ನಡುಗಿ ಕಣ್ಣು ಕತ್ತಲಿಟ್ಟಿತು. ದುಡ್ಡೂ ಚೀಲದಲ್ಲೇ. ಮಾನ ದೊಡ್ಡದೋ ಪ್ರಾಣ ದೊಡ್ಡದೋ ಎಂದು ಸ್ವಲ್ಪ ಹೊತ್ತು ಏರಿಯ ಮೇಲೆ ಯೋಚಿಸಿದರಂತೆ. ಹೊಟ್ಟೆ ತೀರ್ಮಾನ ಹೇಳಿತು.

ಬೀಗರು ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ಕನ್ನಡಕದ ಮೇಲಿಂದ ಒಮ್ಮೆ ನೋಡಿದರು, ಕೆಳಗಿಂದ ಒಮ್ಮೆ ನೋಡಿದರು. ಒಳಕ್ಕೆ ತಿರುಗಿ, "ಬೀಗ್ರು ಬಂದವ್ರೆ, ಕಾಲಿಗೆ ನೀರು ತಾ ಮಗ" ಅಂದರು. ಮಂಜುಳ ಚೊಂಬು ತಂದವಳು ತಲೆ ಬಗ್ಗಿಸಿದಳಂತೆ. ಇವರು ಅದನ್ನು ಮರ್ಯಾದೆ ಅಂದುಕೊಂಡರು. ಅವಳು ನಗು ನುಂಗುತ್ತಿದ್ದಳು. ಬೀಗಿತ್ತಿ ಬಾಗಿಲವರೆಗೆ ಬಂದು, ಮಂಡಿ ಕಂಡು, ಸೆರಗೆಳೆದುಕೊಂಡು ಹಾಗೇ ಹಿಂದಕ್ಕೆ ಹೋದರು.

ನಮ್ಮ ಎರಡು ಮನೆಯಲ್ಲೂ ಒಂದು ಪದ್ಧತಿ ಇದೆ. ಬೀಗರಿಗೆ ಬಟ್ಟೆ ಉಡುಗೊರೆ ಕೊಟ್ಟರೆ ಅವರು ಅದನ್ನು ಕಣ್ಣಿಗೊತ್ತಿಕೊಂಡು, ಒಳಗೆ ಹೋಗಿ, ಉಟ್ಟು ಬಂದೇ ಎಲೆಗೆ ಕೂರಬೇಕು. ಹಾಗೇ ಎತ್ತಿಟ್ಟುಕೊಂಡರೆ ಕೊಟ್ಟವರಿಗೆ ಅವಮಾನ. ಅವತ್ತು ಹಬ್ಬವಲ್ಲ, ಹರಿದಿನವಲ್ಲ. ಆದರೂ ಬೀಗರು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಹೊಸ ಪಂಚೆ ಇಟ್ಟು ಇವರ ಮುಂದೆ ಹಿಡಿದರು. ಇವರು ಉಟ್ಟರು, ಉಂಡರು, ಪಂಚೆಯನ್ನು ಎತ್ತಿ ಕಟ್ಟಿಕೊಂಡು ಊರಿಗೆ ಬಂದರು.

ಇವರು ಬರುವ ಮೊದಲೇ ಮಂಜುಳನ ಫೋನು ಬಂದಿತ್ತು. "ಅವ್ವಾ, ಮಾವ ನನ್ನ ಪಕ್ಕಕ್ಕೆ ಕರ್ದು, ನಿಮ್ಮಪ್ಪನ ವ್ಯಾಪಾರ ಬಿದ್ದೋಯ್ತೇನಮ್ಮ, ಉಡೋಕೂ ಇಲ್ದಂಗೆ ಆಗೈತಾ, ಸಂಕೋಚ ಬೇಡ ಹೇಳು ಅಂದ್ರು."

ನಾನು ನಕ್ಕೆ. ನಕ್ಕಿದ್ದು ತಪ್ಪಾಯಿತು. ಇವರಿಗೆ ಆ ಮಾತು ಹೇಳಿದ ಕೂಡಲೇ ಸೈಕಲ್ಲನ್ನು ಹಿತ್ತಿಲಲ್ಲಿ ಒರಗಿಸಿದರು. ಚಡ್ಡಿಯನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದರು. "ಬೀಗ್ರ ಮನೇಲಿ ಭಿಕಾರಿ ಆದೆ. ಇನ್ನು ನಾನು ತುಳಿಯಲ್ಲ" ಅಂದರು.

"ಬೆರಳು?"

"ಹೋದ್ರೆ ಹೋಗ್ಲಿ. ಬೆರಳಿಲ್ದೋರು ಬದುಕಲ್ವಾ?"

ಆ ತಿಂಗಳು ಸಕ್ಕರೆ ಮತ್ತೆ ಏರಿತು. ಹಿಮ್ಮಡಿ ಒಡೆದು ನೀರಾಡತೊಡಗಿತು. ನಾನು ಬೈದೆ. ಬೈಗುಳಕ್ಕೆ ಅವರು ಬಗ್ಗುವುದಿಲ್ಲ, ನಲವತ್ತು ವರ್ಷದ ಅಭ್ಯಾಸ. ಅಳುವುದು ನನಗೆ ಬರುವುದಿಲ್ಲ. ಬರುವುದು ಅಡಿಗೆ ಮಾಡಿ ಬಡಿಸುವುದು. ಕಾರ್ತಿಕ ಸೋಮವಾರದ ಊಟಕ್ಕೆ ಬೀಗರ ಮನೆಯವರನ್ನೆಲ್ಲ ಕರೆದೆ. ಮಂಜುಳನಿಗೆ ಫೋನು ಮಾಡಿ, ತಂತಿಯ ಮೇಲೆ ಒಣಗುವ ಮಾವನ ಪಟ್ಟಾಪಟ್ಟಿಯ ಸೊಂಟ ಅಳೆದು ಹೇಳು ಅಂದೆ.

"ಯಾಕವ್ವಾ?"

"ಅಳೆಯೇ ಸುಮ್ನೆ."

ಸೋಮವಾರ ಬಂದರು. ಎಲೆ ಹಾಕುವ ಮೊದಲು ತಟ್ಟೆ ತಂದು ಬೀಗರ ಮುಂದೆ ಹಿಡಿದೆ. ವೀಳ್ಯದೆಲೆ, ಅಡಿಕೆ, ಕಾಯಿ, ಅದರ ಪಕ್ಕದಲ್ಲಿ ಮಡಿಸಿದ ಬೂದು ಚಡ್ಡಿ. ಮಂಜುಳ ಹಿಂದಿನಿಂದ ನನ್ನ ಸೆರಗು ಜಗ್ಗಿ, "ಅವ್ವಾ, ನಾನು ಆ ಮನೇಲಿ ಬಾಳ್ಬೇಕು" ಅಂದಳು. ಅದು ನನಗೂ ಗೊತ್ತಿತ್ತು. ತಟ್ಟೆಯಲ್ಲಿ ಅಡಿಕೆ ಉರುಳಿತು. ಆದರೆ ಚಾಚಿದ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಯಾವ ಪದ್ಧತಿಯಲ್ಲೂ ಇಲ್ಲ.

ಬೀಗರು ಚಡ್ಡಿಯನ್ನು ನೋಡಿದರು. ನನ್ನನ್ನು ನೋಡಿದರು. ಎರಡು ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಾರು ಆರಿತು. ನಮ್ಮ ಯಜಮಾನರು ಗೋಡೆ ನೋಡುತ್ತಾ, "ನಮ್ಮ ಮಗಳ ಸಂಸಾರ ಮುಗೀತು ಬಿಡು" ಅಂದರು. ಬೀಗಿತ್ತಿ ಅಡಿಗೆಮನೆಯಲ್ಲಿ ಬಾಯಿಗೆ ಸೆರಗು ಇಟ್ಟುಕೊಂಡಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ಹಿಂದಿನಿಂದ ತಿಳಿಯಲಿಲ್ಲ.

ಬಾಗಿಲು ತೆರೆಯಿತು. ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಶಲ್ಯ, ಕೆಳಗೆ ಚಡ್ಡಿ. ಮಠಕ್ಕೆ ಹೋಗುವ ಗಾಂಭೀರ್ಯದಲ್ಲೇ ಬಂದು ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಒಂದು ತುತ್ತು ಉಂಡು, "ಎಲ್ಲೂ ಹಿಡ್ಕಳಲ್ಲ ಕಣ್ರೀ ಇದು. ಕೂರೋಕೆ ಸಲೀಸಾಗೈತೆ" ಅಂದರು. ಇನ್ನೊಂದು ತುತ್ತು ಉಂಡು, "ಬೀಗ್ರೇ, ವ್ಯಾಪಾರ ಹೆಂಗೈತೆ?" ಅಂದರು.

"ವ್ಯಾಪಾರ ಚೆನ್ನಾಗೈತೆ. ಸಕ್ಕರೆ ಅದಕ್ಕಿಂತ ಚೆನ್ನಾಗೈತೆ, ಅದಕ್ಕೇ ಈ ವೇಷ" ಅಂದರು ಇವರು. ಡಾಕ್ಟರು, ಬೆರಳು, ಹುಣಸೆ ಮರ, ಕಳೆದ ಚೀಲ, ಎಲ್ಲವನ್ನೂ ಪಾಯಸ ಮುಗಿಯುವುದರೊಳಗೆ ಹೇಳಿಬಿಟ್ಟರು. ಪಾಯಸ ಅವರಿಗೆ ಬಡಿಸಿರಲಿಲ್ಲ.

"ಮೊದ್ಲೇ ಅನ್ಬಾರ್ದಿತ್ತಾ. ಭಾನುವಾರ ಬನ್ನಿ, ಬೇಲೂರಿನ ತಂಕ ನಾನೂ ಬತ್ತೀನಿ. ಸೈಕಲ್ ನನ್ನ ಕೈಲಾಗಲ್ಲ. ಸ್ಕೂಟರ್‌ನಲ್ಲಿ ಪಕ್ಕಕ್ಕೆ ಬತ್ತೀನಿ" ಅಂದರು ಬೀಗರು.

ಅವತ್ತಿನಿಂದ ಇವರು ಮನೆಯ ಮೆಟ್ಟಿಲಿನಿಂದಲೇ ಚಡ್ಡಿಯಲ್ಲಿ ಹೊರಡುತ್ತಾರೆ. ಬೀಗರೇ ಹಾಕಿದ ಮೇಲೆ ಊರು ಯಾವ ಲೆಕ್ಕ. ಒಬ್ಬರು ತುಳಿಯುತ್ತಾ, ಇನ್ನೊಬ್ಬರು ಸ್ಕೂಟರಿನಲ್ಲಿ ಕುಂಟುತ್ತಾ ಬೇಲೂರು ಸೇರುತ್ತಾರೆ. ಒಮ್ಮೆ ಗುಡಿಯ ಮುಂದೆ ಗೈಡೊಬ್ಬ ಇವರಿಬ್ಬರ ಕಾಲು ನೋಡಿ ಇಂಗ್ಲಿಷಿನಲ್ಲಿ ಮಾತಾಡಿಸಿದನಂತೆ. ಬೀಗರು ಅದನ್ನು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಹಿಮ್ಮಡಿ ಕೂಡಿತು. ಬೆರಳು ಇದ್ದ ಜಾಗದಲ್ಲೇ ಇದೆ, ನೋಡುವಂಥದ್ದೇನಲ್ಲ.

ಹೋದ ತಿಂಗಳು ಆಸ್ಪತ್ರೆಗೆ ಹೋದದ್ದು ಅವರಿಗಾಗಿ ಅಲ್ಲ, ನನಗಾಗಿ. ಡಾಕ್ಟರು ನನ್ನ ರಕ್ತದ ಚೀಟಿ ನೋಡಿ, "ನಿಮಗೂ ಬಂದಿದೆ. ಯಜಮಾನರ ಜೊತೆ ನೀವೂ ತುಳೀರಿ" ಎಂದರು. ತುಳಿಯುವುದು ಕಷ್ಟವಲ್ಲ. ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ಲಿನ ಕಂಬಿಯೊಳಗೆ ಕಾಲು ತೂರಿಸಿ ಬಾಣಾವರವೆಲ್ಲ ಸುತ್ತಿದವಳು. ಆದರೆ ಸೀರೆ ಎತ್ತಿ ಕಟ್ಟಿದರೆ ಒಳಗೆ ಒಂದು ಬೇಕಲ್ಲ. ಅವತ್ತು ಉತ್ತರ ಕೊಡದೆ ಬಂದವಳು ಹೋದ ವಾರ ಮತ್ತೆ ಅರ್ಧ ಗೊಂಬೆಯ ಅಂಗಡಿಗೆ ಹೋದೆ. ನಾಲ್ಕಾರು ಹೆಂಗಸರು ರವಿಕೆ ಬಟ್ಟೆ ನೋಡುತ್ತಿದ್ದರು. ಬೀಗರ ಮುಂದೆ ಚಡ್ಡಿ ಹಿಡಿದ ನನ್ನ ನಾಲಗೆ ಅಲ್ಲಿ ಏಳಲಿಲ್ಲ. ಬೇಡದ ಟವೆಲು ಕೇಳಿದೆ, ಬೇಡದ ಲಂಗ ಕೇಳಿದೆ. ಕೊನೆಗೆ, "ಹೆಂಗಸ್ರ ಚಡ್ಡಿ ಐತಾ?" ಅಂದೆ.

"ಐತೆ ಅಜ್ಜಿ. ಯಾರ್ಗೆ?"

"ನಮ್ಮ ಬೀಗಿತ್ತಿಗೆ."

"ಅವರ ಅಳತೆ?"

"ನನ್ನಷ್ಟೇ ಅವ್ರೆ" ಅಂದೆ. ನಿಜಕ್ಕೆ ಬೀಗಿತ್ತಿ ನನ್ನ ಅರ್ಧವೂ ಇಲ್ಲ.

ಮನೆಯಲ್ಲಿ ಇವರು ಪೊಟ್ಟಣ ನೋಡಿ ಕೇಳಿದರು. ಅವರಿಗೂ ಅದನ್ನೇ ಹೇಳಿದೆ. ಅವರು ಆ ಸುದ್ದಿಯನ್ನು ಭಾನುವಾರ ಹಳೇಬೀಡಿಗೆ ಒಯ್ದರು. ಸೋಮವಾರ ಬೀಗಿತ್ತಿಯ ಫೋನು, ದನಿ ತಗ್ಗಿಸಿ. "ನಂಗೇನೋ ತಗೊಂಡಿದ್ದೀರಂತೆ. ಇವ್ರ ಸ್ಕೂಟರ್ ಹಿಂದೆ ಕೂತು ನನ್ನ ತೊಡೆ ಸವೆದೋಗೈತೆ. ಬೇಗ ಕಳ್ಸಿ. ಜೇಬೈತಾ?"

ಇವತ್ತು ಮತ್ತೆ ಅಂಗಡಿಗೆ ಹೋದೆ. ಸಂತೆಯ ದಿನ, ಕಾಲಿಡಲು ಜಾಗವಿಲ್ಲ. "ಮೊನ್ನೆಂಥದ್ದೇ ಸಣ್ಣ ಅಳತೇದು ಕೊಡು" ಅಂದೆ.

"ಬೀಗಿತ್ತಿಯವ್ರಿಗೆ ದೊಡ್ಡದಾಯ್ತಾ ಅಜ್ಜಿ?"

"ಮೊನ್ನೇದು ನಂದು ಕಣೇ. ನಾಚಿಕೆಯಾಗಿ ಸುಳ್ಳು ಹೇಳ್ದೆ. ಇದು ಬೀಗಿತ್ತೀದು. ಜೇಬಿರೋದು ನೋಡಿ ಕೊಡು."

ಹೆಂಗಸರೆಲ್ಲ ತಿರುಗಿ ನೋಡಿದರು. ಒಬ್ಬಳು ಹತ್ತಿರ ಬಂದು ಬಟ್ಟೆ ಮುಟ್ಟಿ ನೋಡಿದಳು. ಹುಡುಗಿ ಕವರಿಗೆ ಹಾಕಲು ಹೋದಳು. ಕವರು ಬೇಡ ಅಂದೆ. ತೋಳಿನ ಮೇಲೆ ಹಾಕಿಕೊಂಡು ಪೇಟೆ ಬೀದಿಯಲ್ಲಿ ನಡೆದು ಬಂದೆ.